ರೇಟು ಇಳಿಯುವವರೆಗೆ

ಈರುಳ್ಳಿ ಮಂಡಿಯ ಸಾಹುಕಾರನಿಗೆ ಒಂದು ಚಾಳಿ. ಕೇಳಿದ ದಿನ, ಹೇಳಿದ ಬೆಲೆಗೆ ಏನನ್ನೂ ಕೊಂಡವನಲ್ಲ. ಕಾದರೆ ಇಳಿಯುತ್ತೆ, ಇಳಿದಾಗ ಹಿಡೀಬೇಕು ಅನ್ನೋದು ಅವನ ನಿತ್ಯದ ಜಪ. ಮದುವೆ ಮಂಟಪದ ಬಾಡಿಗೆಗೂ ಹಾಗೇ ಕಾದು ಕಾದು, ಕೊನೆಗೆ ಶಾಲೆಯ ಅಂಗಳದಲ್ಲಿ ಮದುವೆಯಾದ ಮಹಾಶಯ! ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಅಂಥವನ ಕೈಲಿ ತಂಗಿಯ ದುಡ್ಡಿತ್ತು. ಅಮ್ಮನ ಮನೆ ಮಾರಿದಾಗ ಅವಳ ಪಾಲಿಗೆ ಬಂದ ನಲವತ್ತೈದು ಲಕ್ಷ. ಅವಳಿರೋದು ಪರದೇಶದಲ್ಲಿ, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡೋ ಕೆಲಸ. ಇಪ್ಪತ್ತು ವರ್ಷ ಬಾಡಿಗೆಗಿದ್ದ ಎರಡು ಕೋಣೆಯ ಮನೆಯ ಒಡತಿ ತೀರಿಕೊಂಡಿದ್ದಳು. "ಹಳಬರು ನೀವು, ನಿಮಗಾದರೆ ಐವತ್ತು ಸಾವಿರಕ್ಕೆ ಬಿಟ್ಟುಕೊಡ್ತೀನಿ, ತಿಂಗಳೊಳಗೆ ಕೊಡಿ" ಅಂದಿದ್ದ ಒಡತಿಯ ಮಗ. ಐವತ್ತೆರಡನೇ ವಯಸ್ಸಿಗೆ, ಮೊಣಕಾಲು ಸವೆದ ಮೇಲೆ, ಮೆಟ್ಟಿಲು ಹತ್ತೋ ಕಾಟವಿಲ್ಲದ ಸ್ವಂತ ಮನೆ. ಅಣ್ಣನಿಗೆ ಸುದ್ದಿ ಹೇಳುವಾಗ ಅವಳು ಫೋನಿನಲ್ಲೇ ಅತ್ತುಬಿಟ್ಟಳು.

ಅವತ್ತು ಅಲ್ಲಿಯ ದುಡ್ಡು ಒಂದಕ್ಕೆ ನಮ್ಮ ಎಂಬತ್ತೆಂಟು ರೂಪಾಯಿ. ಅಂದರೆ ಅಲ್ಲಿಯ ಐವತ್ತು ಸಾವಿರಕ್ಕೆ ನಮ್ಮ ನಲವತ್ತನಾಲ್ಕು ಲಕ್ಷ. ಕಳಿಸಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು.

"ಎಂಬತ್ತೈದಕ್ಕೆ ಬರುತ್ತೆ. ಸ್ವಲ್ಪ ತಡಿಯೇ," ಅಂದ ಅಣ್ಣ.

ದಿನಾ ಹಲ್ಲುಜ್ಜುವ ಮೊದಲೇ ಮೊಬೈಲಿನಲ್ಲಿ ರೇಟು ನೋಡೋದು. ಎಂಬತ್ತೊಂಬತ್ತಾಯ್ತು, ತೊಂಬತ್ತಾಯ್ತು. ಹಾಳಾದ್ದು ತೊಂಬತ್ತೊಂದಕ್ಕೂ ಏರಿತು; ಮನೆಯ ಬೆಲೆಗೆ ತಂಗಿಯ ದುಡ್ಡು ಈಗ ಐವತ್ತು ಸಾವಿರ ರೂಪಾಯಿ ಕಡಿಮೆ ಬಿತ್ತು.

"ನಮ್ಮ ಕೈಯಿಂದ ಹಾಕಿ ಕಳಿಸ್ರೀ. ಅವಳೇನು ಹೊರಗಿನವಳಾ?" ಅಂದಳು ಹೆಂಡತಿ.

"ವ್ಯಾಪಾರ ನಿನಗೇನು ಗೊತ್ತು? ಏರಿದ ರೇಟಿಗೆ ಕೊಳ್ಳೋನು ಹುಚ್ಚ."

"ಈರುಳ್ಳಿ ಆಗಿದ್ದರೆ ಕೊಳೆತ ವಾಸನೆಯಾದರೂ ಮೂಗಿಗೆ ಬಡೀತಿತ್ತು ನಿಮಗೆ!"

ಸಾಹುಕಾರ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದ. ದುಡ್ಡು ಮಾತ್ರ ಕದಲಲಿಲ್ಲ. ಅಲ್ಲಿ ತಂಗಿ ಒಡತಿಯ ಮಗನ ಕೈಕಾಲು ಹಿಡಿದು ಇನ್ನೂ ಹತ್ತು ದಿನ ಗಡುವು ಪಡೆದಳು. "ಕಮ್ಮಿ ಬಿದ್ದಿದ್ದನ್ನ ಸಾಲ ಮಾಡಿ ತುಂಬ್ತೀನಿ, ಕಳಿಸಿಬಿಡಣ್ಣಾ," ಅಂತ ಗೋಗರೆದಳು. ಆಮೇಲೆ ಫೋನ್ ಮಾಡೋದನ್ನೇ ಬಿಟ್ಟಳು. ಅವಳಿಗೂ ಬುದ್ಧಿ ಬಂತು ಅಂದುಕೊಂಡ ನಮ್ಮ ಜಾಣ.

ನಲವತ್ತೊಂದನೇ ದಿನ ಬೆಳಗ್ಗೆ ರೇಟು ಎಂಬತ್ತೈದಕ್ಕೆ ಬಂತು. ಮಂಡಿಯಲ್ಲಿ ಚೀಲದ ಮೇಲೆ ಕೂತಿದ್ದವನು ಎದ್ದು ಕುಣಿಯೋದೊಂದು ಬಾಕಿ. ಬ್ಯಾಂಕಿಗೆ ಹೊರಡುವ ಮುಂಚೆಯೇ ತಂಗಿಗೆ ಫೋನ್ ಮಾಡಿದ.

"ನೋಡಿದ್ಯಾ? ನಾನು ಹೇಳಿರಲಿಲ್ವಾ? ಒಂದೂವರೆ ಲಕ್ಷ ಉಳಿಸಿದೆ ಕಣೇ ನಿನಗೆ!"

ಆ ಕಡೆ ಪಾತ್ರೆ ಜೋಡಿಸುವ ಸದ್ದು.

"ಗಡುವು ನಿನ್ನೆಗೆ ಮುಗೀತಣ್ಣಾ. ಇವತ್ತು ಬೆಳಗ್ಗೆ ಬೇರೆಯವರು ಮುಂಗಡ ಕೊಟ್ಟುಬಿಟ್ಟರು. ಸಾಮಾನು ಕಟ್ತಾ ಇದ್ದೀನಿ. ಸಿಕ್ಕಿರೋ ಕೋಣೆ ನಾಲ್ಕನೇ ಮಹಡೀಲಿದೆ."

"ಅಯ್ಯೋ, ಒಂದು ದಿನ ಮುಂಚೆ ಹೇಳೋದಲ್ವೇನೇ?"

"ನಲವತ್ತು ದಿನ ಇತ್ತಲ್ಲಣ್ಣಾ," ಅಂದಳು. ಬೈದಿದ್ದರೆ ಅವನೂ ನಾಲ್ಕು ಮಾತಾಡುತ್ತಿದ್ದ. ಅವಳು ಬೈಯಲಿಲ್ಲ, ಫೋನ್ ಇಟ್ಟಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು. "ಮನೆ ಆಯ್ತಂತಾ ಅವಳಿಗೆ?"

ಸಾಹುಕಾರ ಅವಳ ಮುಖ ನೋಡದೆ ಚಪ್ಪಲಿ ಬಿಟ್ಟ.

"ರೇಟು ಇಳೀತು," ಅಂದ.