ಮಗ್ಗಿಯ ಹಾಗೆ ಕಲಿತ ಇಂಗ್ಲಿಷು

"ಬೆನ್ನೆಲುಬಿನ ಒಂದು ಮಣಿಗೆ ಇಂಗ್ಲಿಷಿನಾಗ ಏನಂತಾರ?"

ಪರೀಕ್ಷೆಗೆಂದು ರಾಯಚೂರಿನಿಂದ ಬಂದಿದ್ದ ಡಾಕ್ಟರು ಕೇಳಿದರು. ಕಸ್ತೂರೆಮ್ಮನ ತುಟಿಗಳು ಅಲುಗಿದವು. ಓವಮ್ ಓವಾ, ಸೀರಮ್ ಸೀರಾ, ಬ್ಯಾಕ್ಟೀರಿಯಮ್ ಬ್ಯಾಕ್ಟೀರಿಯಾ...

"ಏನ್ ಗುಣುಗುಣು ಅಂತೀಯವಾ? ಕೇಳಿದ್ದಷ್ಟ ಹೇಳು."

"ಹೇಳ್ತೀನ್ರಿ ಸಾಹೇಬ್ರ. ಮೊದಲಿಂದ ಬಂದ್ರ ಬರ್ತೈತ್ರಿ."

ಕೊಪ್ಪಳದ ದವಾಖಾನೆಯಲ್ಲಿ ಹೆರಿಗೆ ಕೆಲಸ ಕಲಿಯುವ ಹೆಂಗಸರಿಗೆ ಕಂಪೌಂಡರ್ ಶಬ್ಬೀರಸಾಬ ಕಲಿಸಿದ್ದೇ ಹಾಗೆ. ಬಟ್ಟೆಯ ಪಟ್ಟಿ ಸುತ್ತುತ್ತ, ತಲೆದೂಗುತ್ತ, ಒಂದಿದ್ದರೆ ಹೀಗೆ, ಹಲವಿದ್ದರೆ ಹಾಗೆ ಎಂದು ಮಗ್ಗಿಯಂತೆ ಹೇಳಿಸುತ್ತಿದ್ದ. ಸಾಲಿನಲ್ಲಿ ಹೋದರೆ ಕಸ್ತೂರೆಮ್ಮ ಎಲ್ಲಿಯೂ ಎಡವುತ್ತಿರಲಿಲ್ಲ. ಪಾಸಾದರೆ ಇಲ್ಲೇ ನೌಕರಿ, ದವಾಖಾನೆಯ ಹಿಂದೆ ಒಂದು ಖೋಲಿ. ಇಲ್ಲವಾದರೆ ತಳಕಲ್ಲಿನ ಅಣ್ಣ-ಅತ್ತಿಗೆಯರ ಮನೆ, ಅಲ್ಲಿಯ ಒಲೆ. ವಿಧವೆ ತಂಗಿಯನ್ನು ಆ ಕರಾರಿನ ಮೇಲೆಯೇ ಕಳಿಸಿದ್ದ ಕಳಕಪ್ಪ ಈಗ ಗಾಡಿ ಕಟ್ಟಿಕೊಂಡು ಹೊರಗೆ ಕಾಯುತ್ತಿದ್ದ.

"ಹೆರಿಗಿ ಹೆಂಗಸಿನ ಮುಂದ ನಿಂತು, ತಡಿಯವಾ, ಮೊದಲಿಂದ ಬರ್ತೀನಿ ಅಂತೀಯೇನು?"

ಬಾಗಿಲಲ್ಲಿ ಶಬ್ಬೀರಸಾಬ ಮೆಲ್ಲಗೆ ತಲೆ ತೂಗತೊಡಗಿದ. ಆ ಲಯ ಹಿಡಿದು ಅವಳು ಮನಸ್ಸಿನಲ್ಲೇ ಮತ್ತೆ ಹೊರಟಳು.

"ಮಿಯಾ, ನಿಮ್ಮ ತಲಿ ಯಾಕ ಅಲ್ಲಾಡ್ತೈತಿ?" ಎಂದರು ಡಾಕ್ಟರು.

ತಲೆ ನಿಂತಿತು. ಅವಳ ಸಾಲೂ 'ವರ್ಟಿಬ್ರಾ' ಮುಟ್ಟುವ ಮೊದಲೇ ಕಡಿಯಿತು.

"ಬ್ಯಾಕ್ಟೀರಿಯಾ," ಎಂದಳು, ಬಾಯಿಗೆ ಬಂದಷ್ಟು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಮುಂದಿನ ವರ್ಸ ಬಾ."

ಹೊರಗೆ ಪಡಸಾಲೆಯಲ್ಲಿ ಅವಳು ಶಬ್ಬೀರಸಾಬನನ್ನು ತಡೆದು ನಿಂತಳು. "ಒಂದಿನನಾರ ನಡುವಿಂದ ಯಾಕ ಕೇಳಲಿಲ್ರಿ ಚಾಚಾ?"

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ನಡುವಿಂದ ನನಗೂ ಬರಂಗಿಲ್ಲ, ಬೇಟಿ."

ಅವಳಿಗೆ ಬೈಯಬೇಕೆನಿಸಿತು. ಟ್ರಂಕು ಎತ್ತಿಕೊಂಡು ಗಾಡಿಯ ಕಡೆ ನಡೆದಳು.

ಅವಳ ಮುಖ ನೋಡಿದ ಕಳಕಪ್ಪ ಟ್ರಂಕನ್ನು ಗಾಡಿಗೆ ಏರಿಸಿದ.

"ಮುಂದಿನ ವರ್ಸ ಮತ್ತ ಐತಂತ, ಯಣ್ಣಾ."

"ಮುಂದಿನ ವರ್ಸ? ನಿಮ್ಮ ವೈನಿಗೆ ನೀನ ಹೇಳು. ಹತ್ತವಾ, ಬಿಸಲೇರತೈತಿ."

ಅವಳು ಹತ್ತಿದಳು. ಒಳಗೆ ಸರಿಯದೆ ಹಿಂಬದಿಯ ಅಂಚಿನಲ್ಲೇ ದವಾಖಾನೆಯ ಕಡೆ ಮುಖ ಮಾಡಿ ಕುಳಿತಳು. ಗಾಡಿ ಹೊರಟಿತು.

"ಕಾಲು ಮ್ಯಾಲೆ ತಗೋ, ಉಜ್ಜತಾವು," ಎಂದ ಕಳಕಪ್ಪ ತಿರುಗಿ ನೋಡದೆ.

ಅವಳು ತೆಗೆದುಕೊಳ್ಳಲಿಲ್ಲ. ದವಾಖಾನೆಯ ಬಾಗಿಲಿನಿಂದ ಮಣ್ಣಿನ ಹಾದಿಯುದ್ದಕ್ಕೂ, ಗಾಲಿಯ ಗುರುತುಗಳ ನಡುವೆ, ಅವಳ ಹಿಮ್ಮಡಿಗಳು ಎರಡು ಗೆರೆ ಎಳೆಯುತ್ತ ಹೋದವು.