ಎಪ್ಪತ್ತಕ್ಕೆ ಕಟ್ಟಿಹಾಕಿದ ಕಾರ್ಡು

ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ಆ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ದುಡ್ಡಿಗೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಅದನ್ನು ತಡೆದುಕೊಳ್ಳುವ ಪವರ್ ಸಪ್ಲೈಗೆ ಆ ಸ್ಕೂಟರಿನ ಟೈರು, ಬ್ಯಾಟರಿ, ಹೆಲ್ಮೆಟ್ಟಿನಷ್ಟು ಬೇರೆ. ಹಳೆಯ ಕಾರ್ಡು ಇನ್ನೂರು ವ್ಯಾಟ್ ತಿಂದು ತೆಪ್ಪಗಿರುತ್ತಿತ್ತು. ಈ ಹೊಸ ತಲೆಮಾರಿನದು ಮೂರು ಪಟ್ಟು ದುಡಿಯುತ್ತದೆ, ಆರುನೂರು ವ್ಯಾಟ್ ಕೇಳುತ್ತದೆ. ಆನೆ ತರುವವರು ಮೇವಿನ ಯೋಚನೆಯನ್ನೂ ಮಾಡಬೇಕು. ಸೊಸೆ ಆನೆಯನ್ನಷ್ಟೇ ತಂದಿದ್ದಳು.

ಬಾಡಿಗೆಯ ಎರಡು ಕೋಣೆ, ಇಡೀ ಮನೆಗೆ ಒಂದೇ ಲೈನು, ಲೋಡು ಹೆಚ್ಚಾದರೆ ಕರೆಂಟು ಕಡಿಯಲು ಬಾಗಿಲ ಮೇಲೆ ಒಂದೇ ಬ್ರೇಕರ್. ಮುಂದಿನ ಕೋಣೆಯಲ್ಲಿ ಅವಳು ಕಟ್ಟಡಗಳ ಸಿನಿಮಾ ಮಾಡುತ್ತಿದ್ದಳು. ಇನ್ನೂ ಪಾಯ ತೋಡದ ಮನೆಯೊಳಗೆ ಕೊಳ್ಳುವವರು ಕೂತಲ್ಲೇ ಅಡ್ಡಾಡಿ ಬರುವಂಥವು. ಹಿಂದಿನ ಕೋಣೆಯಲ್ಲಿ ಮಾವ. ಬಸ್ಸು ಓಡಿಸಿ ನಿವೃತ್ತರಾದವರು. ಶ್ವಾಸಕೋಶ ಸೋತು ಈಗ ಮೂಗಿಗೆ ನಳಿಗೆ, ಮಂಚದ ಪಕ್ಕ ಗುರುಗುಟ್ಟುವ ಆಕ್ಸಿಜನ್ ಯಂತ್ರ, ಕರೆಂಟು ಹೋದಾಗಿನ ತುರ್ತಿಗೆ ಒಂದು ಸಿಲಿಂಡರ್. ಗಂಡ ಸರಕು ಲಾರಿಯ ಜೊತೆ ಊರಾಚೆ.

ಕಾರ್ಡು ಬಂದ ದಿನವೇ ಬ್ರೇಕರ್ ಬಿದ್ದಿತು. ಅವಳು ಎದುರಿಗೇ ಇದ್ದಳು, ತಕ್ಷಣ ಎತ್ತಿದಳು. ಎಲೆಕ್ಟ್ರಿಷಿಯನ್ ಬಂದು ತಂತಿ ನೋಡಿ ಲೊಚಗುಟ್ಟಿದ.

"ಅಕ್ಕಾ, ಈ ವೈರು ಲೈಟು ಫ್ಯಾನಿಗೆ ಹಾಕಿದ್ದು. ನೀವು ಇದರ ಹೆಗಲ ಮೇಲೆ ಕಾರ್ಖಾನೆ ಕೂರಿಸಿದ್ದೀರಿ."

"ದೊಡ್ಡ ಬ್ರೇಕರ್ ಹಾಕಿಬಿಡಪ್ಪ."

"ಹಾಕಬಹುದು. ಆಗ ಬ್ರೇಕರ್ ಬೀಳಲ್ಲ, ಗೋಡೆ ಒಳಗೆ ವೈರೇ ಹತ್ಕೊಳ್ಳುತ್ತೆ. ಓನರ್ ಬರಲಿ, ಹೊಸ ಲೈನ್ ಎಳೆಯೋಣ."

ಓನರ್ ಬರುವುದು ಮುಂದಿನ ವಾರ. ಬಿಲ್ಡರಿಗೆ ಸಿನಿಮಾ ಕೊಡಬೇಕಾದದ್ದು ನಾಳೆ ಸಂಜೆ. ಅವಳು ಕಂಪ್ಯೂಟರಿನಲ್ಲಿ ಕಾರ್ಡಿನ ಪವರ್ ಮಿತಿಯನ್ನು ಶೇಕಡಾ ನೂರರಿಂದ ಎಪ್ಪತ್ತಕ್ಕೆ ಎಳೆದಳು. ವೇಗ ಅರ್ಧಕ್ಕೆ ಇಳಿದೀತೆಂದುಕೊಂಡಿದ್ದಳು. ಹತ್ತು ನಿಮಿಷದಲ್ಲಿ ಮೂಡುತ್ತಿದ್ದ ಒಂದು ಚಿತ್ರ ಹನ್ನೊಂದು ನಿಮಿಷ ತೆಗೆದುಕೊಂಡಿತು, ಅಷ್ಟೇ. ಕೊನೆಯ ಆ ಚೂರು ವೇಗಕ್ಕೇ ಕಾರ್ಡು ಅಷ್ಟೊಂದು ಕರೆಂಟು ನುಂಗುತ್ತಿತ್ತು.

ಮಾವ ನಕ್ಕರು. "ಬಸ್ಸೂ ಹಂಗೇ ಕಣಮ್ಮಾ. ಎಂಬತ್ತರಲ್ಲಿ ಹೋಗೋನು ಡೀಸೆಲ್ ಕುಡಿಸ್ತಾನೆ, ಅರವತ್ತರಲ್ಲಿ ಹೋಗೋನೂ ಅದೇ ಸಿಗ್ನಲ್‌ನಲ್ಲಿ ಸಿಕ್ತಾನೆ."

ಆ ಮಿತಿಯನ್ನು ಅವಳು ಕಾಯಂ ಮಾಡಲಿಲ್ಲ. ಹೊಸ ಸೆಟ್ಟಿಂಗನ್ನು ನಾಲ್ಕು ದಿನ ನೋಡದೆ ಕಾಯಂ ಮಾಡಬಾರದು, ಕಂಪ್ಯೂಟರ್ ಏಳದೇ ಹೋದೀತು ಎನ್ನುವುದು ಅವಳ ಕಸುಬಿನವರ ರೂಢಿ. ರೂಢಿ ಒಳ್ಳೆಯದೇ. ಆದರೆ ಕಾಯಂ ಮಾಡದ ಮಿತಿಯನ್ನು ಕಂಪ್ಯೂಟರ್ ಆರಿ ಹತ್ತಿದಾಗ ಮರೆತುಬಿಡುತ್ತದೆ.

ಮರುದಿನ ಮಧ್ಯಾಹ್ನ ಪರದೆ ಗಕ್ಕನೆ ನಿಂತಿತು. ಬಿಲ್ಡರ್ ಆಗಲೇ ಎರಡು ಸಲ ಫೋನ್ ಮಾಡಿದ್ದ. ಅವಳು ಅವಸರದಲ್ಲಿ ಕಂಪ್ಯೂಟರನ್ನು ಆರಿಸಿ ಹಚ್ಚಿ, ಕೆಲಸವನ್ನು ನಿಂತಲ್ಲಿಂದ ಮುಂದುವರಿಸಿ, ಮಾವನ ಮಾತ್ರೆ ಮುಗಿದದ್ದು ನೆನಪಾಗಿ ಔಷಧಿ ಅಂಗಡಿಗೆ ಓಡಿದಳು.

ಅಂಗಡಿಯವನು ಚಿಲ್ಲರೆ ಹುಡುಕುತ್ತಿದ್ದ. ಅವನ ಹಿಂದೆ ಫ್ರಿಜ್ಜು ಗುಂಯ್ ಎಂದು ಶುರುವಾಯಿತು. ಅವಳಿಗೆ ಥಟ್ಟನೆ ನೆನಪಾಯಿತು. ಕಂಪ್ಯೂಟರ್ ಆರಿಸಿ ಹಚ್ಚಿದ್ದೇನೆ. ಮಿತಿ ಹಾಕಿಲ್ಲ. ಮನೆಯ ಫ್ರಿಜ್ಜೂ ಹೀಗೇ ಶುರುವಾದರೆ?

ಚಿಲ್ಲರೆ ಬಿಟ್ಟು ಓಡಿದಳು. ಓಡುತ್ತಲೇ ಮಾವನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಮಲಗಿರಬಹುದು, ಮಲಗಿರಲಿ, ಮಲಗಿದ್ದರೆ ಸಾಕು. ಮೆಟ್ಟಿಲಲ್ಲಿ ಚಪ್ಪಲಿ ಕಿತ್ತುಬಂತು, ಬಿಟ್ಟಳು.

ಬಾಗಿಲು ತೆರೆದರೆ ಫ್ಯಾನಿಲ್ಲ, ಫ್ರಿಜ್ಜಿಲ್ಲ. ಹಿಂದಿನ ಕೋಣೆಯಿಂದ ಕರೆಂಟಿಲ್ಲವೆಂದು ಆಕ್ಸಿಜನ್ ಯಂತ್ರದ ಅಲಾರಂ ಬಿಟ್ಟೂಬಿಡದೆ ಕೂಗುತ್ತಿತ್ತು. ಮಾವ ಮಂಚದ ಅಂಚಿಗೆ ಕೂತು ತುರ್ತಿನ ಸಿಲಿಂಡರಿನ ತಿರುಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈಗಳಿಗೆ ಅದು ಅಲುಗುತ್ತಿರಲಿಲ್ಲ. ತುಟಿ ನೀಲಿ.

ಅವಳು ತಿರುಪಿದಳು. ಮೊದಲ ಸಲ ಜಾರಿತು. ಸೆರಗು ಸುತ್ತಿ ತಿರುಪಿದಾಗ ಹಿಸ್ಸೆಂದಿತು. ನಳಿಗೆ ಬದಲಿಸಿ ಬೆನ್ನು ನೀವುತ್ತ ಕೂತಳು.

"ಮಾವ, ಉಸಿರೆಳೀರಿ. ನಿಧಾನ. ನನ್ನ ನೋಡಿ."

ತುಟಿಯ ನೀಲಿ ಇಳಿದ ಮೇಲೆ ಅವರು ಕೇಳಿದರು. "ನಿನ್ನ... ಸಿನಿಮಾ?"

"ಸುಡುಗಾಡಿಗೆ ಹೋಗ್ಲಿ ಬಿಡಿ."

"ಹೋಗೋದಾದ್ರೆ... ನಂಗಿಂತ ಮುಂಚೆ ಹೋಗ್ಲಿ," ಎಂದರು. ನಗಲು ಹೋಗಿ ಕೆಮ್ಮಿದರು. ಅವಳಿಗೆ ನಗು ಬರಲಿಲ್ಲ.

ಅವಳು ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಆಮೇಲೆ ಬ್ರೇಕರ್ ಎತ್ತಿದಳು. ಆಕ್ಸಿಜನ್ ಯಂತ್ರ ಮತ್ತೆ ಗುರುಗುಟ್ಟಿತು. ಬಿಲ್ಡರಿಗೆ ಫೋನ್ ಮಾಡಿ, ಇವತ್ತು ಆಗುವುದಿಲ್ಲ ಎಂದಳು.

"ನೀವು ಹೊಸ ಕಾರ್ಡು ತಗೊಂಡಿದ್ದೀರಿ ಅಂತಾನೇ ಕೆಲಸ ಕೊಟ್ಟಿದ್ದು ಮೇಡಂ."

"ಹೌದು. ಕಾರ್ಡು ಚೆನ್ನಾಗೇ ಇದೆ. ತಪ್ಪು ನನ್ನದು."

ಸಿನಿಮಾ ಎರಡು ದಿನ ತಡವಾಗಿ ಹೋಯಿತು. ಬಿಲ್ಡರ್ ಅದಕ್ಕೆ ಅರ್ಧ ದುಡ್ಡು ಕೊಟ್ಟ, ಮುಂದಿನ ಕಟ್ಟಡವನ್ನು ಬೇರೆಯವರಿಗೆ ಕೊಟ್ಟ. ಓನರ್ ಬಂದ ಮೇಲೆ ಹೊಸ ಲೈನು ಎಳೆದದ್ದಾಯಿತು. ಮಾವ ಉಳಿದರು. ಆದರೆ ಮುಂದಿನ ಕೋಣೆಯಲ್ಲಿ ಕಾರ್ಡಿನ ಫ್ಯಾನು ಜೋರಾಗಿ ತಿರುಗುವಷ್ಟು ಹೊತ್ತೂ ಅವರು ಕಣ್ಣು ಮುಚ್ಚುವುದಿಲ್ಲ. ಅದಕ್ಕೇ ಅವಳು ಅವರು ಎಚ್ಚರವಿರುವಾಗ ಮಾತ್ರ ಕೆಲಸ ಮಾಡುತ್ತಾಳೆ, ಮೊದಲಿನ ಅರ್ಧದಷ್ಟು ದುಡಿಯುತ್ತಾಳೆ.