ಹೆರಿಗೆ ಮನೆಯ ಬೀಗ

ನಮ್ಮ ಅಕ್‌-ತೆರೆಕ್ ಊರಿನಲ್ಲಿ ಯಾರಾದರೂ ತುಂಬು ಬಸುರಿಯಾದರೆ ಮನೆಯವರ ಮಾತೇ ಕಡಿಮೆಯಾಗುತ್ತದೆ. ಕಣಿವೆಯ ದಾರಿ ಹಿಮಕ್ಕೆ ಯಾವಾಗ ಮುಚ್ಚುತ್ತದೋ, ಗಾಡಿ ಸಿಗುತ್ತದೋ ಇಲ್ಲವೋ ಎಂದು ಎಲ್ಲರ ಎದೆಯೂ ಡವಡವ. ಊರೆಲ್ಲ ಅಪಾ, ಅಂದರೆ ಅಮ್ಮ, ಎಂದು ಕರೆಯುವ ಬುರುಲ್ಚಾ ಮನೆಯಲ್ಲಂತೂ ಈ ಹೆದರಿಕೆ ಬಹಳ ಹಳೆಯದು. ಅವರ ಹಿರಿಯ ಮಗಳು ಮನೆಯಲ್ಲೇ ಹೆತ್ತು, ರಕ್ತ ನಿಲ್ಲದೆ, ಆಸ್ಪತ್ರೆಯ ದಾರಿಯಲ್ಲೇ ತೀರಿಕೊಂಡಿದ್ದಳು.

ಈಗ ಕಿರಿಯ ಮಗಳು ಜಿಪಾರ್‌ಗೆ ದಿನ ತುಂಬುತ್ತಿತ್ತು. ಗಂಡ ರಷ್ಯಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರಿಂದ ಅವಳು ತವರಲ್ಲೇ ಇದ್ದಳು. ಅದೇ ಹೊತ್ತಿಗೆ ಸೊಸೆ ಸೈಕಾಲ್ ಒಂದು ಸುದ್ದಿ ತಂದಳು. ಸೈಕಾಲ್ ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಸೂಲಗಿತ್ತಿ ತರಬೇತಿಯನ್ನೂ ಮುಗಿಸಿದವಳು. ಆಸ್ಪತ್ರೆಯ ಆವರಣದಲ್ಲೇ ಸೂಲಗಿತ್ತಿಯರು ನಡೆಸುವ ಹೊಸ ಹೆರಿಗೆ ಮನೆ ತೆರೆದಿತ್ತು. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದೇನೆ ಎಂದಳು.

ಅತ್ತೆ ಚಹಾದ ಬಟ್ಟಲನ್ನು ಕೆಳಗಿಟ್ಟರು. "ಅಲ್ಲಿ ಡಾಕ್ಟರೇ ಇರಲ್ವಂತೆ?"

"ಪಕ್ಕದ ಕಟ್ಟಡದಲ್ಲಿ ಇರ್ತಾರೆ ಅಪಾ. ಆರೋಗ್ಯವಾಗಿರೋ ಬಸುರೀನ ಸೂಲಗಿತ್ತೀರು ನೋಡ್ಕೋತಾರೆ. ಬಿ.ಪಿ. ಏರಿದ್ರೆ, ರಕ್ತ ಜಾಸ್ತಿ ಹೋದ್ರೆ, ಮಗು ಎದೆಬಡಿತ ಇಳಿದ್ರೆ ತಕ್ಷಣ ಡಾಕ್ಟರನ್ನ ಕರೀತೀವಿ. ವಾರ್ಡಲ್ಲಿ ಅಂಗಾತ ಮಲಗಿಸಿ, ಮನೆಯವರನ್ನ ಹೊರಗೆ ನಿಲ್ಲಿಸ್ತಾರಲ್ಲ, ಇಲ್ಲಿ ಹಂಗಿಲ್ಲ. ಓಡಾಡಬಹುದು, ಚಹಾ ಕುಡೀಬಹುದು, ತಾಯಿ ಜೊತೇಲೇ ಇರಬಹುದು."

"ಚಹಾ ಕುಡಿಯೋಕೆ ಅಲ್ಲೀತನಕ ಹೋಗ್ಬೇಕಾ? ನನ್ನ ಚಹಾ ಕಾಯಿಸೋ ಸಮೋವಾರ್ ಏನು ತೂತು ಬಿದ್ದಿದೆಯಾ?"

ಜಿಪಾರ್ ನಕ್ಕಳು. "ಅಪಾ, ನಾನು ಅತ್ತಿಗೆ ಕೈಯಲ್ಲೇ ಹೆರೋದು."

"ಸುಮ್ನಿರೇ! ಒಬ್ಬಳನ್ನ ಮಣ್ಣು ಮಾಡಿ ಬಂದಿದೀನಿ." ಅಪಾ ಸೊಸೆಯ ಕಡೆ ತಿರುಗಿದರು. "ಇವಳಿಗೇನಾದ್ರೂ ಆದ್ರೆ ಸೈಕಾಲ್, ಆಮೇಲೆ ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ."

ಸೈಕಾಲ್‌ಗೂ ಭಯವಿಲ್ಲದಿರಲಿಲ್ಲ. ಮರುದಿನ ನಲ್ಲಿಯ ಬಳಿ ಸಿಕ್ಕಾಗ, ಅಕ್ಕನಿಗೆ ಹೇಳುವ ಹಾಗೆ ಎಜೆ ಎಂದು ಕರೆದು ನನ್ನ ಹತ್ತಿರ ಹೇಳಿಕೊಂಡಳು. "ಎಜೆ, ವಾರ್ಡಲ್ಲಿ ಡಾಕ್ಟರ್ ಹೇಳಿದ್ದು ಮಾಡಿದ್ರಾಯ್ತು. ಅಲ್ಲಿ ಏನಾದ್ರೂ ತೊಂದ್ರೆ ಆದ್ರೆ ಮೊದಲು ನನ್ನ ಕಣ್ಣಿಗೇ ಬೀಳ್ಬೇಕು. ಬೀಳದೆ ಹೋದ್ರೆ?" ನಾನು ಊರಿನ ಆರೋಗ್ಯ ಸಮಿತಿಯವಳು. ಎಲ್ಲರಿಗೂ ಧೈರ್ಯ ಹೇಳುವುದೇ ನನ್ನ ಕೆಲಸ. ಅವತ್ತು ಅವಳ ಕೊಡವನ್ನು ಎತ್ತಿ ಕೊಟ್ಟೆ, ಅಷ್ಟೇ.

ಸಂದರ್ಶನದ ದಿನ ಬುರುಲ್ಚಾ ಅಪಾ ದಪ್ಪ ಕೋಟು ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಗಾಡಿಯಲ್ಲಿ ಕುಳಿತಿದ್ದರು. "ನಾನೇ ನೋಡ್ಬೇಕು" ಎಂದರು. ಜಗಳವಾದರೆ ಬಿಡಿಸಲು ಇರಲಿ ಎಂದು ನಾನೂ ಹತ್ತಿದೆ.

ಹಿರಿಯ ಸೂಲಗಿತ್ತಿ ದಾಮಿರಾ ನಮಗೆ ಎಲ್ಲ ತೋರಿಸಿದರು. ಕೋಣೆಗಳು ಬೆಚ್ಚಗಿದ್ದವು, ನೆಲಕ್ಕೆ ಉಣ್ಣೆಯ ಕಂಬಳಿ ಹಾಸಿತ್ತು. ಅಪಾ ಅದ್ಯಾವುದನ್ನೂ ನೋಡಲಿಲ್ಲ.

"ಡಾಕ್ಟರ್ ಹತ್ರ ಹೋಗೋ ದಾರಿ ಯಾವುದು?"

"ಅಗೋ, ಆ ಬಾಗಿಲು ದಾಟಿದ್ರೆ ಆಯ್ತು."

ಅಪಾ ಹೋಗಿ ಬಾಗಿಲನ್ನು ತಳ್ಳಿದರು. ಅದು ಅಲ್ಲಾಡಲಿಲ್ಲ. ಮುಷ್ಟಿಯಷ್ಟು ದಪ್ಪದ ಬೀಗ ನೇತಾಡುತ್ತಿತ್ತು.

"ಚಳಿಗಾಳಿ ನುಗ್ತದೆ ಅಂತ ಕಾವಲುಗಾರ ಹಾಕಿರ್ತಾನೆ" ಎಂದರು ದಾಮಿರಾ. "ಕೀಲಿಕೈ ಅವನ ಹತ್ರಾನೇ ಇರ್ತದೆ."

"ಅವನೆಲ್ಲಿ?"

"ಊಟಕ್ಕೆ ಹೋಗಿರ್ಬೇಕು."

ಅಪಾ ಅಲ್ಲೇ ಬೆಂಚಿನ ಮೇಲೆ ಕುಸಿದು ಕುಳಿತರು. ನಮ್ಮಲ್ಲಿ ಹೆಣ್ಣಿಗೆ ನೋವು ಶುರುವಾದರೆ ಮನೆಯ ಬೀಗಗಳನ್ನೆಲ್ಲ ತೆಗೆಯುತ್ತೇವೆ, ಗಂಟುಗಳನ್ನು ಸಡಿಲಿಸುತ್ತೇವೆ, ಬಸುರಿಯ ಜಡೆಯನ್ನೂ ಬಿಚ್ಚುತ್ತೇವೆ. ಓದಿದ ಹುಡುಗಿಯರು ಇದನ್ನು ಕಂಡು ಮುಸಿಮುಸಿ ನಗುತ್ತಾರೆ. ಅವತ್ತು ಯಾರೂ ನಗಲಿಲ್ಲ.

"ನಾವು ಹಿಟ್ಟಿನ ಪೆಟ್ಟಿಗೆ ಬೀಗಾನೂ ಬಿಡದೆ ತೆಗೀತೀವಿ. ನೀವು ಡಾಕ್ಟರ್ ಬಾಗಿಲಿಗೇ ಬೀಗ ಜಡಿದಿದೀರಲ್ಲ ತಾಯೀ!" ಎಂದರು ಅಪಾ.

ಕೆಲಸ ಕೊಡುವವರ ಎದುರು ಎದುರುತ್ತರ ಕೊಟ್ಟರೆ ಕೆಲಸ ಹೋದಂತೆಯೇ. ಆದರೂ ಸೈಕಾಲ್ ಬಾಯಿ ತೆರೆದಳು. "ದಾಮಿರಾ ಎಜೆ, ಈ ಬೀಗ ಹೋದ್ರೆ ಮಾತ್ರ ನಾನು ಬರ್ತೀನಿ. ಇದು ಇಲ್ಲೇ ಇದ್ರೆ ನನ್ನ ನಾದಿನೀನ ಕರ್ಕೊಂಡು ಬರಲ್ಲ. ಬೇರೆ ಯಾರಿಗೂ ಬನ್ನಿ ಅಂತ ಹೇಳಲ್ಲ."

ದಾಮಿರಾ ಬೀಗವನ್ನು ಹಿಡಿದು ಎಳೆದು ನೋಡಿದರು. "ದಿನಾ ಇದರ ಮುಂದೇನೇ ಓಡಾಡ್ತೀನಿ. ಒಂದು ದಿನಾನೂ ತಳ್ಳಿ ನೋಡ್ಲಿಲ್ಲ" ಎಂದರು. ಕಾವಲುಗಾರನನ್ನು ಊಟದಿಂದ ಎಬ್ಬಿಸಿ ಕರೆಸಿ ಬೀಗ ತೆಗೆಸಿದರು. ಗಾಳಿಗೆ ದಪ್ಪ ಪರದೆ ಕಟ್ಟಿಸುತ್ತೇನೆ ಎಂದರು.

ಬುರುಲ್ಚಾ ಅಪಾ ಬೀಗವನ್ನು ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡರು.

"ಅಜ್ಜೀ, ಅದು ಸರ್ಕಾರದ್ದು!" ಎಂದ ಕಾವಲುಗಾರ.

"ಸರ್ಕಾರ ಬಂದು ಕೇಳ್ಲಿ, ಕೊಡ್ತೀನಿ."

ಸೈಕಾಲ್‌ಗೆ ಕೆಲಸ ಸಿಕ್ಕಿತು. ಹಿಮ ಬೀಳುವ ಮೊದಲೇ ಜಿಪಾರ್‌ಳನ್ನು ಆಸ್ಪತ್ರೆಯ ಪೇಟೆಯಲ್ಲಿದ್ದ ನೆಂಟರ ಮನೆಯಲ್ಲಿ ಇರಿಸಿದರು. ನೋವು ಶುರುವಾದ ದಿನ ಹೆರಿಗೆ ಮನೆಯಲ್ಲಿ ಅಪಾ ಮಗಳ ಜಡೆ ಬಿಚ್ಚಿ, ಬೆನ್ನು ನೀವುತ್ತಾ ಜೊತೆಗೇ ನಡೆದಾಡಿದರು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು. ಎಲ್ಲರೂ ಉಸಿರು ಬಿಟ್ಟರು.

ಆಗಲೇ ಹಾಸಿಗೆಯ ಬಟ್ಟೆ ಕೆಂಪಾಗತೊಡಗಿತು. ಮಾಸು ಬಿದ್ದಿತ್ತು, ರಕ್ತ ಮಾತ್ರ ನಿಲ್ಲಲಿಲ್ಲ. ಅಪಾ ಗೋಡೆಗೆ ಒರಗಿದರು. "ಅದೇ ರಕ್ತ" ಎಂದರು, "ಅದೇ."

ಸೈಕಾಲ್ ಕೂಡಲೇ ಕೆಲಸಕ್ಕೆ ಇಳಿದಳು. ಇಂಜೆಕ್ಷನ್ ಕೊಟ್ಟಳು, ಹೊಟ್ಟೆಯನ್ನು ಗಟ್ಟಿಯಾಗಿ ನೀವಿದಳು. "ದಾಮಿರಾ ಎಜೆ, ಡಾಕ್ಟರನ್ನ ಕರೀರಿ! ಜಿಪಾರ್, ಕಣ್ಣು ಮುಚ್ಚಬೇಡ, ನನ್ನ ನೋಡು!" ದಾಮಿರಾ ಓಡಿದರು. ಬಾಗಿಲು ಒಂದೇ ನೂಕಿಗೆ ತೆರೆಯಿತು. ಡಾಕ್ಟರ್ ಓಡಿ ಬಂದರು, ಜಿಪಾರ್‌ಳನ್ನು ಅದೇ ಬಾಗಿಲಿಂದ ಆ ಕಡೆಗೆ ಕರೆದೊಯ್ದರು. ಮಗುವನ್ನು ಎದೆಗವುಚಿಕೊಂಡು ಅಪಾ ಪರದೆಯ ಬಳಿಯೇ ನಿಂತರು. ಒಂದು ಕೈ ಜೇಬಿನಲ್ಲಿದ್ದ ಬೀಗವನ್ನು ಬಿಗಿಯಾಗಿ ಹಿಡಿದಿತ್ತು.

"ರಕ್ತ ನಿಂತಿದೆ, ಜೀವಕ್ಕೆ ಭಯವಿಲ್ಲ" ಎಂದು ಡಾಕ್ಟರ್ ಬಂದು ಹೇಳಿದಾಗ ಅಪಾ ಮಗುವನ್ನು ದಾಮಿರಾ ಕೈಗೆ ಕೊಟ್ಟು ಸೊಸೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಿನ್ನ ಮುಖ ನೋಡಲ್ಲ ಅಂದಿದ್ನಲ್ಲ ಮಗಳೇ" ಎಂದರು. ಅತ್ತುಬಿಟ್ಟರು.

ಅಕ್ಕತಂಗಿಯರೇ, ಅತ್ತೆಯಂದಿರೇ, ಹೆತ್ತ ಮೇಲೆ ಯಾರಿಗಾದರೂ ರಕ್ತ ವಿಪರೀತ ಹೋಗಬಹುದು. ಮನೆಯಲ್ಲಿ ಹೆರಿಗೆ ಮಾಡಿಸಿ ದಾರಿಯಲ್ಲಿ ಜೀವ ಕಳೆದುಕೊಳ್ಳಬೇಡಿ. ಆರೋಗ್ಯವಾಗಿರುವ ಬಸುರಿಗೆ ತರಬೇತಿ ಪಡೆದ ಸೂಲಗಿತ್ತಿಯರ ಹೆರಿಗೆ ಮನೆ ಒಳ್ಳೆಯದು. ಬಿ.ಪಿ. ಇದ್ದರೆ, ಅವಳಿಜವಳಿ ಇದ್ದರೆ, ಹಿಂದಿನ ಹೆರಿಗೆಯಲ್ಲಿ ತೊಂದರೆಯಾಗಿದ್ದರೆ ನೇರವಾಗಿ ಡಾಕ್ಟರ ಹತ್ತಿರ ಹೋಗಿ. ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ನಾಚಿಕೊಂಡು ಸುಮ್ಮನಿರಬೇಡಿ.

ನಿಮಗೆ ಹೆದರಿಕೆಯಿದ್ದರೆ ಅದನ್ನು ಮನೆಯಲ್ಲಿಟ್ಟುಕೊಂಡು ಕೂರಬೇಡಿ, ಅದನ್ನೂ ಕರೆದುಕೊಂಡು ಹೋಗಿ ಒಮ್ಮೆ ಹೆರಿಗೆ ಮನೆ ನೋಡಿ. ಡಾಕ್ಟರ ಕಡೆಯ ಬಾಗಿಲು ಯಾವುದು ಎಂದು ಕೇಳಿ. ನಿಮ್ಮ ಕೈಯಿಂದಲೇ ತಳ್ಳಿ ನೋಡಿ. ಬೀಗ ಕಂಡರೆ ಬುರುಲ್ಚಾ ಅಪಾಗೆ ಹೇಳಿ ಕಳಿಸಿ, ಅವರ ಕೋಟಿಗೆ ಇನ್ನೊಂದು ಜೇಬಿದೆ.